ಮುಟ್ಟಿದರೆ ಕಾಲು ಎಳೆದುಕೊಳ್ಳಬೇಕು

ಬಾಲ್ಯದ ಮನೆ ಎಂದ ಕೂಡಲೇ ಜನ ಸಾರಿನ ಪರಿಮಳದಿಂದ ಶುರುಮಾಡುತ್ತಾರೆ. ನನಗೂ ಆ ಪರಿಮಳ ನೆನಪಿದೆ, ಇಲ್ಲವೆನ್ನುವುದಿಲ್ಲ. ಆದರೆ ನಮ್ಮ ಮನೆಯಲ್ಲಿ ಸಾರು ಅನೇಕ ಸಲ ಗೋಡೆಯ ಮೇಲಿರುತ್ತಿತ್ತು. ಗಲ್ಫಿನ ಮನಾಮ ನಗರದ ಹಳೆಯ ಕಟ್ಟಡವೊಂದರ ಎರಡನೇ ಮಾಳಿಗೆಯ ಫ್ಲಾಟು ಅದು. ಊಟದ ಮೇಜಿನ ಎದುರಿನ ಗೋಡೆಯಲ್ಲಿ ಬಂಗುಡೆ ಸಾರಿನ ಕಲೆಯೊಂದು ಎಷ್ಟು ತಿಕ್ಕಿದರೂ ಹೋಗದೆ ಉಳಿದಿತ್ತು. ಅಮ್ಮ ಅದರ ಮೇಲೆ ಕ್ಯಾಲೆಂಡರ್ ತೂಗುಹಾಕಿದ್ದಳು. ಮುಂದಿನ ಸಲ ತಟ್ಟೆ ಸ್ವಲ್ಪ ಎಡಕ್ಕೆ ಹಾರಿತು, ಕ್ಯಾಲೆಂಡರೂ ಎಡಕ್ಕೆ ಸರಿಯಿತು, ಹಳೆಯ ಕಲೆ ಹೊರಗೆ ಬಂತು. ಕಲೆ ಮುಚ್ಚಲು ಒಂದೇ ಗೋಡೆಗೆ ಎರಡು ಕ್ಯಾಲೆಂಡರ್ ಹಾಕಿದ ಮನೆಯನ್ನು ನಾನು ಬೇರೆಲ್ಲೂ ನೋಡಿಲ್ಲ. ಚಿಲಕ ಸರಿಯಾಗಿದ್ದ ಬಾಗಿಲು ಒಂದೇ ಒಂದು, ಮುಂಬಾಗಿಲು. ಮಲಗುವ ಕೋಣೆಯ ಚಿಲಕವನ್ನು ಅಪ್ಪ ಒದ್ದು ಮುರಿದಿದ್ದ. ಬಚ್ಚಲಿನದ್ದನ್ನು ಭುಜ ಕೊಟ್ಟು ಕಿತ್ತಿದ್ದ. ಒಳಗಿದ್ದವರಿಗೆ ಅಡಗಿಕೊಳ್ಳಲು ಜಾಗವಿರಲಿಲ್ಲ, ಹೊರಗಿನವರು ಒಳಗೆ ಬರಲಿಕ್ಕೆ ಮಾತ್ರ ಅಡ್ಡಿಯಿತ್ತು.

ಹೊರಗೆ ನನ್ನ ಅಪ್ಪನಂಥ ಮೆದು ಮನುಷ್ಯ ಇರಲಿಲ್ಲ. ಡಿಪ್ಲೊಮ್ಯಾಟಿಕ್ ಏರಿಯಾದ ಒಂದು ಆಫೀಸಿನಲ್ಲಿ ಗುಮಾಸ್ತ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಲಿಫ್ಟಿನಲ್ಲಿ ಹೆಂಗಸರು ಬಂದರೆ ಗೋಡೆಗೆ ಒತ್ತಿಕೊಂಡು ನಿಲ್ಲುವ ಮರ್ಯಾದೆ. ಊರಿನವರ ಕೂಟಗಳಲ್ಲಿ ಬಡಿಸಲು ಮೊದಲು ಪಂಚೆ ಎತ್ತಿಕಟ್ಟುವವನೂ ಅವನೇ. ಅವನ ಮನೆಮಾತು ತುಳು, ಅಮ್ಮನದ್ದು ಕೊಂಕಣಿ. ಎರಡೂ ಮನೆಯವರಿಗೆ ಬೇಡವಾಗಿದ್ದ ಮದುವೆ, ಹಾಗಾಗಿ ಅಮ್ಮನಿಗೆ ತಿರುಗಿ ಹೋಗಲು ಊರಲ್ಲಿ ಬಾಗಿಲಿರಲಿಲ್ಲ. ಇಬ್ಬರೂ ಸಂಸಾರಕ್ಕೂ ಜಗಳಕ್ಕೂ ಕನ್ನಡವನ್ನೇ ಇಟ್ಟುಕೊಂಡಿದ್ದರು. ನಮ್ಮ ತಲೆಯ ಮೇಲಿನ ಫ್ಲಾಟಿನಲ್ಲಿ ಲೀನಾ ಆಂಟಿ ಇದ್ದರು, ಮಂಗಳೂರು ಕಡೆಯ ಕ್ಯಾಥೊಲಿಕ್ ಹೆಂಗಸು, ಸಲ್ಮಾನಿಯಾ ಆಸ್ಪತ್ರೆಯಲ್ಲಿ ನರ್ಸ್. ಅವರೂ ಅಮ್ಮನೂ ಕೊಂಕಣಿಯಲ್ಲಿ ಮಾತಿಗೆ ನಿಂತರೆ ಒಬ್ಬರ ಕೊಂಕಣಿ ಇನ್ನೊಬ್ಬರಿಗೆ ವಿಚಿತ್ರವಾಗಿ ಕೇಳಿ ನಗುವೇ ನಗು. ಅಪ್ಪನಿಗೆ ಆ ನಗು ಆಗುತ್ತಿರಲಿಲ್ಲ. ತನಗೆ ತಿಳಿಯದ ಭಾಷೆಯಲ್ಲಿ ತನ್ನ ಹೆಂಡತಿ ನಗುವುದು ತನ್ನನ್ನು ನೋಡಿಯೇ ಎಂದು ಅವನು ತೀರ್ಮಾನಿಸಿಬಿಟ್ಟಿದ್ದ. ಮೇಲೆ ಹೋಗಬಾರದೆಂದು ಕಟ್ಟಪ್ಪಣೆಯಾಗಿತ್ತು. ಅಮ್ಮ ಹೋಗುತ್ತಿದ್ದಳು. ಗೊತ್ತಾದ ದಿನ ಪೆಟ್ಟು ತಿನ್ನುತ್ತಿದ್ದಳು.

ಪೆಟ್ಟಾದ ಮೇಲಿನ ಶಾಸ್ತ್ರಗಳು ಪೂಜೆಯ ಹಾಗೆ ಕ್ರಮ ತಪ್ಪುತ್ತಿರಲಿಲ್ಲ. ಅಮ್ಮ ಕೋಣೆಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗುವುದು. ಅಪ್ಪ ಚೂರುಗಳನ್ನು ಗುಡಿಸಿ, ನೆಲ ಒರೆಸಿ, ಮುಖ ತೊಳೆದು ಚಾ ಮಾಡುವುದು. ಫೋನು ಬಂದರೆ, ಗಂಟೆ ಬಾರಿಸಿದರೆ ನಾನು ಹೋಗಿ "ಅಮ್ಮ ಮಲಗಿದ್ದಾರೆ" ಎನ್ನುವುದು. ಏಳೆಂಟು ವರ್ಷಕ್ಕೇ ನಾನು ಆ ಸುಳ್ಳಿನಲ್ಲಿ ಪಳಗಿದ್ದೆ. ದನಿ ಸ್ವಲ್ಪ ತಗ್ಗಿಸಿ, ಪಾಪ ತಲೆನೋವು ಎಂಬ ಮುಖ ಮಾಡಿ ಹೇಳುತ್ತಿದ್ದೆ. ಆಮೇಲೆ ಹೋಗಿ ಅಮ್ಮನ ಕಾಲ ಬಳಿ ಕೂತು ಒಂದು ಬೆರಳಿನಿಂದ ಅಂಗಾಲು ಮುಟ್ಟುತ್ತಿದ್ದೆ. ಅವಳಿಗೆ ವಿಪರೀತ ಕಚಗುಳಿ. ಮುಖ ತಿರುಗಿಸದೆ ಸರಕ್ಕನೆ ಕಾಲು ಎಳೆದುಕೊಳ್ಳುತ್ತಿದ್ದಳು. ನಮ್ಮಿಬ್ಬರ ನಡುವೆ ಆ ಹೊತ್ತಿನಲ್ಲಿ ನಡೆಯುತ್ತಿದ್ದ ಮಾತುಕತೆ ಅಷ್ಟೇ.

ಆಮೆ ಬಂದದ್ದು ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ, ಸೆಖೆ ಇಳಿದು ಏಸಿ ನಿಲ್ಲಿಸುವ ದಿನಗಳಲ್ಲಿ. ಊರಾಚೆ ಬುದಯ್ಯದಲ್ಲಿ ವಿದೇಶಿಯರ ಬಂಗಲೆಗಳ ಕಾಂಪೌಂಡಿನಲ್ಲಿದ್ದ ಇಂಗ್ಲಿಷ್ ಹೆಂಗಸೊಬ್ಬಳು ದೇಶ ಬಿಟ್ಟು ಹೋಗುವಾಗ ಅಪ್ಪನ ಆಫೀಸಿನಲ್ಲಿ ಯಾರಿಗಾದರೂ ಬೇಕೇ ಎಂದು ಕೇಳಿದಳಂತೆ. ಅಪ್ಪ ಹಾಲಿನ ಪುಡಿಯ ರಟ್ಟಿನ ಡಬ್ಬದಲ್ಲಿ ಅದನ್ನು ಎತ್ತಿಕೊಂಡು ಬಂದ. ಅಂಗೈಗಿಂತ ದೊಡ್ಡದು, ಹಳದಿ ಮಿಶ್ರಿತ ಕಂದು ಚಿಪ್ಪು, ಮೋಟು ಆನೆಕಾಲುಗಳು. ಅಪ್ಪನ ಮುಖ ಅಷ್ಟು ಅರಳಿದ್ದನ್ನು ನಾನು ಮೊದಲು ನೋಡಿರಲಿಲ್ಲ. ಅವನ ಊರಿನ ಮನೆಯ ಬಾವಿಯಲ್ಲಿ ಒಂದು ಆಮೆ ಇತ್ತು. ನೀರು ಚೊಕ್ಕವಾಗಿರಲೆಂದು ನಮ್ಮ ಕಡೆ ಬಾವಿಗೆ ಆಮೆ ಬಿಡುವ ರೂಢಿಯಿದೆ. ಚಿಕ್ಕಂದಿನಲ್ಲಿ ಅವನೂ ಪೆಟ್ಟು ತಿಂದವನೇ. ತಿಂದಾಗಲೆಲ್ಲ ಬಾವಿಕಟ್ಟೆಯ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ, ಆಮೆ ಮೇಲೆ ಬರುವುದನ್ನು ಕಾಯುತ್ತಿದ್ದನಂತೆ. ಆ ಕಥೆ ಹೇಳುವಾಗ ಅವನ ದನಿ ಎಷ್ಟು ಹಿತವಾಗಿತ್ತೆಂದರೆ ನನಗೆ ಅವನ ಮಡಿಲಲ್ಲಿ ಕೂರಬೇಕೆನಿಸಿತು. ಕೂತೆ ಕೂಡ. ನಂತರ ಅವನು ಎದ್ದು ಬಚ್ಚಲಿಗೆ ಹೋಗಿ, ನಾವು ಬಟ್ಟೆ ನೆನೆಹಾಕಲು ಬಳಸುತ್ತಿದ್ದ ಸ್ನಾನದ ತೊಟ್ಟಿಯಲ್ಲಿ ಕಂಠಮಟ್ಟ ನೀರು ತುಂಬಿಸಿ ಆಮೆಯನ್ನು ಅದರೊಳಗೆ ಬಿಟ್ಟ.

"ನೋಡು, ಹೇಗೆ ಈಜ್ತಾ ಉಂಟು!"

ಅದು ಈಜುತ್ತಿರಲಿಲ್ಲ, ಮುಳುಗುತ್ತಿತ್ತು. ನಾಲ್ಕೂ ಕಾಲು ಬಡಿಯುತ್ತ, ಕತ್ತು ಮೇಲಕ್ಕೆ ಚಾಚಿ, ಬಾಯಿ ತೆರೆದು ಕೆಳಗೆ ಹೋಗುತ್ತಿತ್ತು. ಅದು ಮರಳುನೆಲದ ಪ್ರಾಣಿಯೆಂದು, ನೀರಲ್ಲಿ ಈಜಲು ಬಾರದೆಂದು ನಮಗೆ ಯಾರಿಗೆ ಗೊತ್ತು? ನಾವು ಕಂಡದ್ದು ಬಾವಿಯ ಆಮೆ ಮಾತ್ರ. ಆದರೆ ಅಮ್ಮನಿಗೆ ಕಣ್ಣಿತ್ತು.

"ಅಯ್ಯೋ ಪಾಪದ್ದು! ಅದಕ್ಕೆ ಉಸಿರು ಕಟ್ತಾ ಉಂಟು, ತೆಗೀರಿ ಮಾರಾಯ್ರೆ!" ಎಂದು ಕೈಹಾಕಿ ಎತ್ತಿಯೇಬಿಟ್ಟಳು.

ಅಪ್ಪ ಒದ್ದೆ ಕೈಯಿಂದಲೇ ಅವಳ ಕೆನ್ನೆಗೆ ಬಾರಿಸಿದ. ಒದ್ದೆ ಕೈಯ ಪೆಟ್ಟಿನ ಸದ್ದೇ ಬೇರೆ, ಹೆಚ್ಚು ಜೋರು. ಮಗಳ ಮುಂದೆ ತನ್ನ ಬಾವಿಯ ಕಥೆಯನ್ನು ಅವಳು ಸುಳ್ಳು ಮಾಡಿದಳೆಂಬ ಸಿಟ್ಟು. ಅಂದಿನಿಂದ ಅವನು ಹಟಕ್ಕೆ ಬಿದ್ದ. ಇಂಗ್ಲಿಷ್ ಹೆಂಗಸು ಇಟ್ಟಿದ್ದ ಹೆಸರು ಬಿಟ್ಟು ಕೂರ್ಮ ಎಂದು ಹೆಸರಿಟ್ಟ, ಪ್ರತಿ ಶುಕ್ರವಾರ ರಜೆಯ ದಿನ ಅದಕ್ಕೆ ತುಂಬಿದ ತೊಟ್ಟಿಯಲ್ಲಿ ಸ್ನಾನ. ಅಮ್ಮ ಅವನು ಅತ್ತ ತಿರುಗಿದಾಗ ಚಿಪ್ಪಿನಡಿಗೆ ಕೈ ಕೊಟ್ಟು ಎತ್ತಿ ಹಿಡಿಯುತ್ತಿದ್ದಳು. ಉಳಿದ ದಿನ ಅದು ಸೋಫಾದ ಅಡಿಯಲ್ಲಿ ಸುತ್ತಾಡುತ್ತ, ಮಾರ್ಕೆಟ್ಟಿನ ಜರ್ಜೀರ್ ಸೊಪ್ಪನ್ನು ನನ್ನ ಕೈಯಿಂದಲೇ ಕಿತ್ತು ತಿನ್ನುತ್ತಿತ್ತು. ಮನೆಯಲ್ಲಿ ಗದ್ದಲ ಎದ್ದಾಗ ನಾನೂ ಸೋಫಾದ ಹಿಂದೆ ಹೋಗಿ ಅದರ ಪಕ್ಕ ಕೂರುತ್ತಿದ್ದೆ. ಅದು ತಲೆ ಒಳಗೆಳೆದುಕೊಳ್ಳುತ್ತಿತ್ತು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಅದಕ್ಕಾದರೂ ಚಿಪ್ಪಿದೆಯಲ್ಲ ಎಂದು.

ಜನವರಿಯ ಹೊತ್ತಿಗೆ ಬಡಗಣ ಗಾಳಿ ಬೀಸಿ, ನೆಲದ ಟೈಲ್ಸಿಗೆ ಕಾಲಿಡಲು ಆಗದಷ್ಟು ಚಳಿ ಬಂತು. ಆಮೆ ಸೊಪ್ಪು ಮುಟ್ಟಲಿಲ್ಲ. ಮೊದಲು ಒಂದು ದಿನ, ನಂತರ ಒಂದು ವಾರ. ಕಣ್ಣು ಮುಚ್ಚಿ ರಟ್ಟಿನ ಡಬ್ಬದಲ್ಲಿ ಹಳೇ ಪೇಪರುಗಳ ಮೇಲೆ ಬಿದ್ದುಕೊಂಡಿತು. ಆ ಒಂದು ಸಂಗತಿ ನಮ್ಮ ಮನೆಯನ್ನು ಹೊತ್ತಿಸಿಬಿಟ್ಟಿತು. ಅಪ್ಪನಿಗೆ ಆಫೀಸಿನಲ್ಲಿ ಯಾರೋ ಹೇಳಿದ್ದರು, ಆಮೆಗಳು ಚಳಿಗಾಲವಿಡೀ ನಿದ್ದೆ ಮಾಡುತ್ತವೆ ಎಂದು. ಅವನಿಗೆ ಅದೇ ವೇದವಾಯಿತು. ನಿದ್ದೆ ಎಂದರೆ ಅವನು ತಪ್ಪು ಮಾಡಿಲ್ಲ. ಕಾಯಿಲೆ ಎಂದರೆ ಅವನ ತೊಟ್ಟಿ, ಅವನ ನೀರು, ಅವನ ಬಾವಿ ಎಲ್ಲವೂ ತಪ್ಪು. ಮನೆಯಲ್ಲಿ ಬಾಯಿ ತೆರೆದು ಕಾಯಿಲೆ ಎನ್ನುವಂತಿರಲಿಲ್ಲ. ಅಮ್ಮ ಊಟಕ್ಕೆ ಬಡಿಸುತ್ತ ಅಂದಳು.

"ಅದರ ಮೂಗಲ್ಲಿ ಗುಳ್ಳೆ ಬರ್ತಾ ಉಂಟು. ಹುಷಾರಿಲ್ಲ ಅದಕ್ಕೆ. ಒಮ್ಮೆ ಯಾರಿಗಾದ್ರೂ ತೋರಿಸುವ."

"ಅದು ನಿದ್ದೆ ಅಂತ ಹೇಳಿದೆನಲ್ಲ."

"ನಿದ್ದೆಯಲ್ಲಿ ಬಾಯಿ ತೆರೆದು ಉಸಿರು ಎಳೀತದಾ?"

"ನೀನು ದೊಡ್ಡ ಡಾಕ್ಟ್ರಾ? ಮೇಲಿನವಳು ಹೇಳಿಕೊಟ್ಟದ್ದಾ ಇದು?"

ತಟ್ಟೆ ಹಾರಿತು. ಅಮ್ಮ ತಲೆ ತಗ್ಗಿಸಿದ್ದರಿಂದ ಅದು ಕ್ಯಾಲೆಂಡರಿಗೆ ಬಿತ್ತು. ತಗ್ಗಿಸಿದ್ದಕ್ಕೆ ಸಿಟ್ಟು ಇನ್ನೂ ಏರಿ, ಅವನು ಸೌಟನ್ನೇ ಎತ್ತಿಕೊಂಡು ಅವಳ ಬೆನ್ನಿಗೂ ಮೊಣಕೈಗೂ ಹೊಡೆದ. ಎಷ್ಟು ಎಂದು ನಾನು ಎಣಿಸಲಿಲ್ಲ, ಸೌಟು ಬಾಗುವವರೆಗೆ. ಆಮೇಲೆ ಅವನೇ ಅದನ್ನು ಮೊಣಕಾಲ ಮೇಲಿಟ್ಟು ನೆಟ್ಟಗೆ ಮಾಡಿ ಜಾಗದಲ್ಲಿ ತೂಗುಹಾಕಿದ. ನಾನು ಸೋಫಾದ ಹಿಂದಿನಿಂದ ನೋಡುತ್ತಿದ್ದೆ. ಇವನು ಸಾಯಲಿ ಎಂದು ಮೊದಲ ಸಲ ಸ್ಪಷ್ಟವಾಗಿ ಅಂದುಕೊಂಡದ್ದು ಅವನು ಹೊಡೆಯುವಾಗ ಅಲ್ಲ, ಸೌಟು ನೆಟ್ಟಗೆ ಮಾಡುವಾಗ.

ಮರುದಿನ ಡಬ್ಬದ ಪೇಪರ್ ಬದಲಿಸುವಾಗ ತಳದಲ್ಲಿ ಅಂಟಿಕೊಂಡಿದ್ದ ಒಂದು ಕಾಗದ ಸಿಕ್ಕಿತು. ಇಂಗ್ಲಿಷ್ ಹೆಂಗಸು ದುಂಡಗಿನ ಅಕ್ಷರದಲ್ಲಿ ಬರೆದಿಟ್ಟಿದ್ದ ಸೂಚನೆಗಳು. ಅಪ್ಪ ಡಬ್ಬದೊಳಗೆ ನೋಡಿರಲೇ ಇಲ್ಲ. ನಮ್ಮ ಸ್ಕೂಲಲ್ಲಿ ಇಂಗ್ಲಿಷೇ ಎಲ್ಲ, ಓದಲು ಕಷ್ಟವಾಗಲಿಲ್ಲ. ಆಳದ ನೀರಿಗೆ ಎಂದೂ ಬಿಡಬೇಡಿ ಎಂಬ ಸಾಲಿಗೆ ಎರಡು ಗೆರೆ ಎಳೆದಿದ್ದಳು. ಕೆಳಗೆ ಹೀಗಿತ್ತು: ಚಳಿಯಲ್ಲಿ ಮಂಕಾಗಬಹುದು, ನಿದ್ದೆಯೂ ಕಾಯಿಲೆಯೂ ನೋಡಲು ಒಂದೇ ಥರ, ಮೋಸ ಹೋಗಬೇಡಿ. ನಾನು ಅಪ್ಪ ಆಫೀಸಿಗೆ ಹೋದ ಹೊತ್ತು ನೋಡಿ ಕಾಗದವನ್ನೂ ಆಮೆಯನ್ನೂ ಎತ್ತಿಕೊಂಡು ಮೆಟ್ಟಿಲು ಹತ್ತಿದೆ. ಲೀನಾ ಆಂಟಿ ನೈಟಿಯಲ್ಲೇ ಬಾಗಿಲು ತೆರೆದು, ಕಾಗದ ಓದಿ, ಆಮೆಯನ್ನು ತಮ್ಮ ಗುಲಾಬಿ ಟವೆಲಿನ ಮೇಲೆ ಇಟ್ಟುಕೊಂಡರು.

"ಬಾ ಇಲ್ಲಿ. ನೋಡು, ಹಿಂದಿನ ಕಾಲನ್ನು ಹೀಗೆ ಮೆಲ್ಲ ಮುಟ್ಟಬೇಕು. ನಿದ್ದೆ ಆದ್ರೆ ಸ್ವಲ್ಪ ಆದ್ರೂ ಒಳಗೆ ಎಳ್ಕೊಳ್ತದೆ."

ಆಮೆಯ ಕಾಲು ಅವರ ಬೆರಳಿಗೆ ಒರಗಿ ಹಾಗೇ ಜೋತುಬಿದ್ದಿತು.

"ಎಳ್ಕೊಳ್ಳಲಿಲ್ಲ," ಎಂದೆ.

"ಇಲ್ಲ. ಈಗ ಮೂಗು ನೋಡು. ನಿದ್ದೆ ಮಾಡುವಾಗ ಒಣಗಿರ್ಬೇಕು. ಒರೆಸಿದ ಮೇಲೆ ಪುನಃ ನೀರು ಬಂತು ಅಂದ್ರೆ ಒಳಗೆ ಎಂತದೋ ಆಗಿದೆ ಅಂತ ಲೆಕ್ಕ."

ಒರೆಸಿದರು. ಸ್ವಲ್ಪ ಹೊತ್ತಿಗೆ ಮತ್ತೆ ಹನಿ ಕೂಡಿತು. ಆಂಟಿ ನನ್ನ ಮುಖ ನೋಡಿ ಮಾತು ಬದಲಿಸಿದರು. "ನಿಂಗೆ ನಿದ್ದೆಯಾ ಕಾಯಿಲೆಯಾ ನೋಡುವ," ಎಂದು ನನ್ನ ಅಂಗಾಲಿಗೆ ಬೆರಳಾಡಿಸಿದರು. ನಾನು ಕಿಸಕ್ಕೆಂದು ಕಾಲು ಎಳೆದುಕೊಂಡೆ. ಬುದಯ್ಯ ಕಡೆ ಪ್ರಾಣಿಗಳ ಡಾಕ್ಟರ್ ಇದ್ದಾರೆ, ಶನಿವಾರ ನಾನೇ ಕರೆದುಕೊಂಡು ಹೋಗುತ್ತೇನೆ, ಅಲ್ಲಿವರೆಗೆ ಬೆಚ್ಚಗಿಡಲು ಶುಕ್ರವಾರ ಡ್ಯೂಟಿಗೆ ಹೊರಡುವಾಗ ಒಂದು ಟೇಬಲ್ ಲ್ಯಾಂಪ್ ಕೊಟ್ಟುಹೋಗುತ್ತೇನೆ ಎಂದರು. ಟವೆಲಿನಲ್ಲೇ ಸುತ್ತಿ ಕೊಟ್ಟರು. ನಾನು ಹಾಗೇ ತಂದು ಡಬ್ಬದಲ್ಲಿಟ್ಟೆ. ಟವೆಲು ತೆಗೆಯಬೇಕೆಂದು ಹೊಳೆಯಲಿಲ್ಲ. ಒಂಬತ್ತು ವರ್ಷದವಳಿಗೆ ಎಷ್ಟೆಂದು ಹೊಳೆಯಬೇಕು? ಹೀಗೆ ನನಗೆ ನಾನೇ ಹೇಳಿಕೊಳ್ಳುತ್ತೇನೆ, ಇವತ್ತಿಗೂ ಪೂರ್ತಿ ಸಮಾಧಾನವಿಲ್ಲ.

ಶುಕ್ರವಾರ ಮಧ್ಯಾಹ್ನ, ಮಸೀದಿಯಿಂದ ಜನ ಮನೆಗೆ ಹಿಂತಿರುಗುವ ಹೊತ್ತು. ಅಪ್ಪ ಆಮೆಯ ಸ್ನಾನಕ್ಕೆಂದು ತೊಟ್ಟಿ ತುಂಬಿಸಿ ಬಂದು ಡಬ್ಬ ತೆರೆದ.

"ಈ ಟವೆಲ್ ಯಾರದ್ದು?"

ಅಮ್ಮ ನನ್ನನ್ನು ನೋಡಿದಳು. ಅವಳಿಗೂ ಗೊತ್ತಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ "ನಾನೇ ಮೇಲೆ ತಕೊಂಡು ಹೋದದ್ದು," ಎಂದಳು. ನನ್ನ ಪಾಲಿನ ಪೆಟ್ಟು ತನ್ನ ಮೇಲೆ ಎಳೆದುಕೊಳ್ಳುವುದು ಅವಳಿಗೆ ರೂಢಿಯಾಗಿಹೋಗಿತ್ತು. ನನಗೆ ಅದು ತಡೆಯಲಾಗಲಿಲ್ಲ. ಓಡಿಹೋಗಿ ಕಾಗದ ತಂದು ಅವನ ಮುಂದೆ ಹಿಡಿದೆ.

"ಅಪ್ಪ, ಇದರಲ್ಲಿ ಬರೆದಿದ್ದಾರೆ. ನೀರಿಗೆ ಹಾಕಬಾರ್ದಂತೆ. ಓದ್ತೇನೆ, ಕೇಳು."

"ನಂಗೆ ಓದಿ ಹೇಳ್ತೀಯಾ ನೀನು? ನಂಗೆ?"

ಕಾಗದವನ್ನು ಕಸಿದು ಉಂಡೆ ಮಾಡಿ ನನ್ನ ಬಾಯಿಗೇ ತುರುಕಿದ. ಅವನ ಬೆರಳು ಗಂಟಲಿಗೆ ತಾಗಿ ವಾಂತಿ ಬಂತು. "ನಿದ್ದೆಯಾ ಕಾಯಿಲೆಯಾ ಈಗಲೇ ಗೊತ್ತಾಗ್ತದೆ. ನೀರು ಬಿದ್ರೆ ಏಳ್ತದೆ ಅದು," ಎನ್ನುತ್ತ ಆಮೆಯನ್ನು ಎತ್ತಿಕೊಂಡು ಬಚ್ಚಲಿಗೆ ನಡೆದ. ಅಮ್ಮ ಹಿಂದೆಯೇ ಓಡಿದಳು. ನಾನು ಹೊಸ್ತಿಲಲ್ಲಿ ನಿಂತು ನೋಡಿದೆ. ಆಮೆ ಈ ಸಲ ಕಾಲು ಬಡಿಯಲಿಲ್ಲ, ಕಲ್ಲಿನ ಹಾಗೆ ತಳಕ್ಕೆ ಹೋಯಿತು. ಅಮ್ಮ ಎರಡೂ ಕೈ ನೀರಿಗೆ ಹಾಕಿದಳು. ಅಪ್ಪ ಅವಳ ಜಡೆಯನ್ನು ಮುಷ್ಟಿಗೆ ಸುತ್ತಿಕೊಂಡು ಹಿಂದಕ್ಕೆ ಎಳೆದ, ಮತ್ತೆ ಮುಂದಕ್ಕೆ ತಳ್ಳಿದ. ತೊಟ್ಟಿಯ ಅಂಚಿಗೆ ಅವಳ ತಲೆ ಬಡಿದ ಸದ್ದು ತೆಂಗಿನಕಾಯಿ ಒಡೆದ ಹಾಗಿತ್ತು. ಎರಡು ಸಲ. ಅವಳು ಕೂಗಲಿಲ್ಲ. ಎದ್ದು ಗೋಡೆ ಹಿಡಿದು ನಡೆದು, ಎಂದಿನ ಹಾಗೆ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದಳು.

ಅಪ್ಪ ನೆಲದ ನೀರು ಒರೆಸಿದ. ನನ್ನ ವಾಂತಿಯನ್ನೂ ಒರೆಸಿದ. ಅಂಗಿ ಬದಲಿಸಿ ಚಾಕ್ಕೆ ನೀರಿಟ್ಟ. ನಾನು ಅಮ್ಮನ ಕಾಲ ಬಳಿ ಕೂತು ಅಂಗಾಲು ಮುಟ್ಟಿದೆ. ಅವಳು ಎಳೆದುಕೊಳ್ಳಲಿಲ್ಲ. ಸಿಟ್ಟು ಬಂದಿರಬೇಕು, ನನ್ನ ಟವೆಲಿನಿಂದಲೇ ಇಷ್ಟೆಲ್ಲ ಆದದ್ದು ಎಂದುಕೊಂಡೆ. ಉಗುರಿನಿಂದ ಗೀರಿದೆ. ಕಾಲು ನನ್ನ ಕೈಗೆ ಒರಗಿ ಹಾಗೇ ಜೋತುಬಿದ್ದಿತು. ಮಂಚ ಹತ್ತಿ ಮುಖ ನೋಡಿದೆ. ಕಣ್ಣು ಮುಚ್ಚಿತ್ತು, ಬಾಯಿ ತೆರೆದಿತ್ತು, ಮೂಗಿನ ಕೆಳಗೆ ನೀರಿನ ಹನಿಯಿತ್ತು. ತೊಟ್ಟಿಯ ನೀರೆಂದು ಲಂಗದ ತುದಿಯಿಂದ ಒರೆಸಿದೆ. ಮತ್ತೆ ಬಂತು. ಒರೆಸಿದೆ. ಮತ್ತೆ ಬಂತು.

ಆಗ ಗಂಟೆ ಬಾರಿಸಿತು. ಅಪ್ಪ ಅಡುಗೆಮನೆಯಿಂದ ಬಂದು ನನ್ನನ್ನು ಮುಂದೆ ಮಾಡಿಕೊಂಡು, ಕತ್ತಿನ ಹಿಂದೆ ಕೈಯಿಟ್ಟು ಬಾಗಿಲು ತೆರೆದ. ಲೀನಾ ಆಂಟಿ ಬಿಳಿ ಯೂನಿಫಾರ್ಮಿನಲ್ಲಿ, ಕೈಯಲ್ಲಿ ಟೇಬಲ್ ಲ್ಯಾಂಪ್ ಹಿಡಿದು ನಿಂತಿದ್ದರು.

"ಅಮ್ಮ ಎಲ್ಲಿ ಪುಟ್ಟಿ?"

"ಮಲಗಿದ್ದಾಳೆ," ಎಂದ ಅಪ್ಪ ನಗುತ್ತ. "ಅವಳಿಗೆ ಸ್ವಲ್ಪ ತಲೆನೋವು. ಅಲ್ವಾ ಮಗಾ?"

ಕತ್ತಿನ ಮೇಲಿನ ಬೆರಳುಗಳು ಬಿಗಿಯಾದವು. ನನ್ನ ಬಾಯಿ ತಾನಾಗಿಯೇ ಆ ಹಳೆಯ ಮಾತಿಗೆ ತೆರೆದುಕೊಂಡಿತು. ದನಿ ತಗ್ಗಿಸಿದ್ದೂ ಆಗಿತ್ತು. ಅಂಥ ಹೆದರಿಕೆ ನನಗೆ ಆಮೇಲೆ ಯಾವತ್ತೂ ಆಗಿಲ್ಲ.

"ಮಲಗಿಲ್ಲ ಆಂಟಿ," ಎಂದೆ. "ಕಾಲು ಎಳ್ಕೊಳ್ಳುದಿಲ್ಲ. ಮೂಗಿಂದ ನೀರು ಬರ್ತಾ ಉಂಟು. ಒರೆಸಿದ್ರೂ ಬರ್ತಾ ಉಂಟು."

ಎಡಗಿವಿಯ ಮೇಲೆ ಪೆಟ್ಟು ಬಿತ್ತು. ಆ ಕಿವಿಯಲ್ಲಿ ನನಗೆ ಇವತ್ತಿಗೂ ಸರಿಯಾಗಿ ಕೇಳುವುದಿಲ್ಲ, ಫೋನನ್ನು ಬಲಕ್ಕೇ ಹಿಡಿಯುತ್ತೇನೆ. ಆಂಟಿ ಲ್ಯಾಂಪನ್ನು ಚಪ್ಪಲಿ ಸ್ಟ್ಯಾಂಡಿನ ಮೇಲೆ ನಿಧಾನವಾಗಿ ಇಟ್ಟು, ಅವನ ತೋಳಿನ ಅಡಿಯಿಂದ ನುಗ್ಗಿ ಒಳಗೆ ಹೋದರು. ಕೋಣೆಯಲ್ಲಿ ಕೊಂಕಣಿಯಲ್ಲಿ ಅಮ್ಮನನ್ನು ಕರೆದದ್ದು ಕೇಳಿಸಿತು. ಉತ್ತರ ಬರಲಿಲ್ಲ. ಹೊರಗೆ ಬಂದಾಗ ಅವರ ದನಿಯೇ ಬದಲಾಗಿತ್ತು.

"ಆಂಬ್ಯುಲೆನ್ಸಿಗೆ ಫೋನ್ ಮಾಡಿ. ಈಗ. ಮಾಡುದಿಲ್ಲ ಅಂತಾದ್ರೆ ಹೇಳಿ, ನಾನು ಇಲ್ಲೇ ನಿಂತು ಬೊಬ್ಬೆ ಹಾಕ್ತೇನೆ. ಇಡೀ ಬಿಲ್ಡಿಂಗಿಗೆ ಕೇಳಲಿ ನಿಮ್ಮ ಮರ್ಯಾದೆ."

ಅಪ್ಪ ಫೋನ್ ಮಾಡಿದ, ತನ್ನ ಆಫೀಸಿನ ಇಂಗ್ಲಿಷಿನಲ್ಲಿ, ಪ್ಲೀಸ್ ಪ್ಲೀಸ್ ಎನ್ನುತ್ತ. ಹೆಂಡತಿ ಬಚ್ಚಲಲ್ಲಿ ಜಾರಿಬಿದ್ದಳು ಎಂದ. ಆಸ್ಪತ್ರೆಯಲ್ಲಿ ಒಬ್ಬ ಲೇಡಿ ಡಾಕ್ಟರ್ ಮಂಡಿಯೂರಿ ಕೂತು ನನ್ನನ್ನು ಕೇಳಿದಾಗ ನಾನು ಅಳುತ್ತಲೇ ಎಲ್ಲ ಹೇಳಿದೆ, ಸೌಟಿನಿಂದ ಹಿಡಿದು ಎರಡು ಕ್ಯಾಲೆಂಡರಿನವರೆಗೆ. ಆಮೇಲೆ ಬಂದ ಪೊಲೀಸಿನವರಿಗೂ ಹೇಳಿದೆ. ಇಂಗ್ಲಿಷ್ ಬಂದದ್ದಕ್ಕೆ ಅವತ್ತಿನಷ್ಟು ಖುಷಿ ನನಗೆ ಪರೀಕ್ಷೆಗಳಲ್ಲೂ ಆಗಿರಲಿಲ್ಲ. ಆ ಗಡಿಬಿಡಿಯಲ್ಲಿ ಆಮೆಯನ್ನು ನಾನು ಮರೆತೆ. ಅಪ್ಪನೂ ಮರೆತ, ಆಂಟಿಗೆ ಗೊತ್ತೇ ಇರಲಿಲ್ಲ. ನಾಲ್ಕನೇ ದಿನ, ತಮ್ಮ ಮನೆಯಲ್ಲಿದ್ದ ನನಗೆ ಬಟ್ಟೆ ತರಲು ಹೋದಾಗ ಅವರು ಅದನ್ನು ತೊಟ್ಟಿಯ ತಳದಲ್ಲಿ ಕಂಡರು. ನಾನು ಮೂರು ದಿನ ಊಟ ಮಾಡಲಿಲ್ಲ. ಅದು ಬದುಕಬಹುದಿತ್ತು. ಹೇಗೆ ನೋಡಿದರೂ ಬದುಕಬಹುದಿತ್ತು. ಆ ಫ್ಲಾಟಿಗೆ ನಾನೂ ಅಮ್ಮನೂ ಮತ್ತೆ ಕಾಲಿಡಲಿಲ್ಲ, ಅಪ್ಪನ ಜೊತೆ ಮತ್ತೆ ಬದುಕಲೂ ಇಲ್ಲ.

ಅಮ್ಮನಿಗೆ ಪ್ರಜ್ಞೆ ಬಂದದ್ದು ಆರನೇ ದಿನ. ನನ್ನನ್ನು ಒಳಗೆ ಬಿಟ್ಟರು. ತಲೆ ಬೋಳಿಸಿ ಪಟ್ಟಿ ಸುತ್ತಿದ್ದರಿಂದ ಅದು ಅಮ್ಮನೇ ಎಂದು ನಂಬಲಾಗದೆ, ಮುಖದ ಕಡೆ ಹೋಗದೆ ಕಾಲ ಬಳಿಯೇ ನಿಂತೆ. ಹೊದಿಕೆ ಸರಿಸಿ ಅಂಗಾಲಿಗೆ ಬೆರಳು ತಾಗಿಸಿದೆ. ಸ್ವಲ್ಪ, ತೀರಾ ಸ್ವಲ್ಪ ಎಳೆದುಕೊಂಡಳು. ನಾನು ಅಲ್ಲೇ ಮಂಚದ ಕಂಬಿ ಹಿಡಿದು ಅತ್ತೆ. ಅವಳು ಕೈಸನ್ನೆ ಮಾಡಿ ಹತ್ತಿರ ಕರೆದಳು. ಅವಳ ಮೊದಲ ಮಾತಿಗಾಗಿ ನಾನು ಬಲಗಿವಿಯನ್ನು ಬಾಯಿಯ ಬಳಿ ಒಯ್ದೆ.

"ಯಾರು ಕೇಳಿದ್ರೂ... ಅಮ್ಮ ಜಾರಿಬಿದ್ದದ್ದು ಅಂತ ಹೇಳು."

ನನಗೆ ಸಿಟ್ಟು ನೆತ್ತಿಗೇರಿತು. ಅಪ್ಪನ ಮೇಲಲ್ಲ, ಅವಳ ಮೇಲೆ.

"ನಾನು ಹೇಳಿ ಆಯ್ತಮ್ಮ," ಎಂದೆ. "ಎಲ್ಲ ಹೇಳಿ ಆಯ್ತು."

ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಒಂದು ದೊಡ್ಡ ಉಸಿರು ಬಿಟ್ಟು, ಮುಖವನ್ನು ಗೋಡೆಗೆ ತಿರುಗಿಸದೆ, ನನ್ನ ಕಡೆಗೇ ಇಟ್ಟುಕೊಂಡು ಕಣ್ಣು ಮುಚ್ಚಿದಳು. ಓಡಿಹೋಗಿ ಕಾಲು ಮುಟ್ಟಿದೆ. ಈ ಸಲ ಸರಕ್ಕನೆ ಎಳೆದುಕೊಂಡಳು.

"ಮಲಗ್ತಾ ಇದ್ದೇನೆ ಮಾರಾಯ್ತಿ," ಎಂದಳು ಕಣ್ಣು ತೆರೆಯದೆ. "ಈ ಸಲ ನಿಜವಾಗಿ."